ಬಾಯಲ್ಲಿ ಎಲೆ ಇದ್ದಾಗ

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 10.20

ಯಲಬುರ್ಗಾದ ಔಷಧಿ ಅಂಗಡಿ ತೆರೆದು ಇನ್ನೂ ಕಸ ಹೊಡೆದಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ತೊಂಬತ್ತೆರಡು ಮೆಸೇಜು. ಅರ್ಥವಿರುವವು ಎರಡು. ಎರಡೂ ನನ್ನವೇ.

ಜಗಳ ಹಳೆಯದು. ಮೊಬೈಲಿನ ಗುಂಡಿನ ಆಟದಲ್ಲಿ ಯಾವುದೋ ಮನೆಯೊಳಗೆ ಅಡಗಿ ಕೂತು, ಬಾಗಿಲಿಗೆ ಬಂದವರನ್ನು ಹೊಡೆಯುವುದು ಸರಿಯೋ ತಪ್ಪೋ. ಅಳವಂಡಿಯ ದೊಡ್ಡಬಸಪ್ಪನವರು ಸರಿ ಅನ್ನುತ್ತಾರೆ. ಅರವತ್ತೊಂದು ವಯಸ್ಸು, ನಿವೃತ್ತ ಲೈನ್‌ಮನ್. ಜೀವನವೆಲ್ಲ ಕಂಬ ಹತ್ತಿ ಇಳಿದು ಈಗ ಮೊಬೈಲಿನೊಳಗಿನ ಬಚ್ಚಲುಮನೆಯಲ್ಲಿ ಬಂದೂಕು ಹಿಡಿದು ಕೂರುತ್ತಾರೆ. "ನಮ್ಮ ವಯಸ್ಸಿಗೆ ಓಡಾಕ ಆಗಂಗಿಲ್ರಿ" ಅಂತ ವಾಯ್ಸ್ ಮೆಸೇಜು. ಆಟದಲ್ಲಿ ಓಡುವುದು ಹೆಬ್ಬೆರಳು ಮಹರಾಯ, ಮೊಣಕಾಲಲ್ಲ.

ಕುಷ್ಟಗಿಯ ರುದ್ರೇಶ ತಪ್ಪು ಅನ್ನುತ್ತಾನೆ. ಹನಿ ನೀರಾವರಿ ಪೈಪು ಮಾರುವವನು. ಅವನಿಗೆ ಎಲ್ಲವೂ ಗಂಡಸ್ತನದ ಪ್ರಶ್ನೆ.

ಗ್ರೂಪಿನ ಹೆಸರು 'ಕೊಪ್ಪಳ ಕೋಟೆ'. ಇನ್ನೂರ ಹನ್ನೆರಡು ಜನ. ಕಟ್ಟಿದವನು ನಾನು, ಅಡ್ಮಿನ್ ನಾನು, ನಿಯಮ ಬರೆದವನೂ ನಾನು. ಒಂದನೇ ನಿಯಮ — ಯಾರೂ ಯಾರನ್ನೂ ಮರ್ಯಾದೆ ಬಿಟ್ಟು ಮಾತಾಡಿಸಬಾರದು. ಅದರ ಫಲ ಇವತ್ತು ಬೆಳಿಗ್ಗೆ ಬಂತು. ರುದ್ರೇಶ ಬರೆದಿದ್ದಾನೆ: "ದೊಡ್ಡಬಸಪ್ಪನವರ, ನಿಮ್ಮ ತಲಿಯಾಗ ಸಗಣಿ ತುಂಬೈತೇನ್ರಿ?" ನಿಯಮ ಪಾಲಿಸಿದ್ದಾನೆ. ಅಳಿಸುವಂತಿಲ್ಲ.

ಒಬ್ಬ ಬಂದು "ಹೋದ ಸಲ ಕೊಟ್ಟಿದ್ರಲ್ಲ, ಬಿಳಿ ಗುಳಿಗಿ, ಅದ ಕೊಡ್ರಿ" ಅಂದ. ಅಂಗಡಿಯಲ್ಲಿ ಆರುನೂರು ಬಿಳಿ ಗುಳಿಗೆ ಇವೆ. ಇವನೂ ಗ್ರೂಪಿನಲ್ಲಿ ಇರಬಹುದು.

ಸೆಪ್ಟೆಂಬರ್ 4, ಗುರುವಾರ

ದೊಡ್ಡಬಸಪ್ಪನವರ ಹೊಸ ಸಲಹೆ. ಅವರ ಅಜ್ಜನ ಕಾಲದಲ್ಲಿ ಊರಿನ ಕಟ್ಟೆಯಲ್ಲಿ ನ್ಯಾಯ ಕೂತರೆ, ಒಬ್ಬ ಮಾತಾಡುವಾಗ ಎದುರಾಳಿಯ ಬಾಯಲ್ಲಿ ಎಲೆ ಅಡಿಕೆ ಇರಬೇಕಿತ್ತಂತೆ. ಬಾಯಿ ತುಂಬ ರಸ ಇದ್ದವನು ನಡುವೆ ಬಾಯಿ ಹಾಕಲಾರ. ಅವನ ಮಾತು ಮುಗಿದ ಮೇಲೆ ಇವನು ಉಗುಳಿ ಬಂದು ಮಾತಾಡಬೇಕು, ಆಗ ಅವನು ಎಲೆ ಹಾಕಿಕೊಳ್ಳಬೇಕು. "ನಾವೂ ವಿಡಿಯೋ ಕಾಲ್‌ನ್ಯಾಗ ಹಂಗ ಮಾಡೋಣ್ರಿ. ಉಗುಳಿ ಬರೋದ್ರಾಗ ಅರ್ಧ ಸಿಟ್ಟು ಇಳದಿರತೈತಿ."

ಇವರನ್ನು ಕಟ್ಟಿಕೊಂಡು ನಾನು ಡಿಜಿಟಲ್ ಯುಗದಲ್ಲಿ ಸಂವಾದ ಸಂಸ್ಕೃತಿ ಬೆಳೆಸಬೇಕು.

ನಗುವ ಮುಖ ಹಾಕಿ ಬಿಟ್ಟೆ. ನೂರಾ ಎಂಟು ಜನ ಅವರ ಸಲಹೆಗೆ ಹೂಂ ಅಂದಿದ್ದಾರೆ. ಪ್ರಜಾಪ್ರಭುತ್ವ!

ಸೆಪ್ಟೆಂಬರ್ 7, ರವಿವಾರ. ಸಂಜೆ

ಮೊದಲ ಎಲೆ-ನ್ಯಾಯ. ದೊಡ್ಡಬಸಪ್ಪನವರ ಬಾಯಲ್ಲಿ ಎಲೆ, ರುದ್ರೇಶನ ಭಾಷಣ. ಆಮೇಲೆ ಅದಲು ಬದಲು. ರುದ್ರೇಶನ ಊರಲ್ಲಿ ಇವತ್ತು ಎಲೆ ಸಿಗಲಿಲ್ಲವಂತೆ, ಗುಟ್ಕಾ ಚೀಟು ಹರಿದು ಬಾಯಿಗೆ ಸುರಿದುಕೊಂಡ. "ಇದೂ ಅಡಿಕೀನ ಅಲ್ರಿ?" ಕ್ಯಾಮೆರಾ ಮುಂದೆ ಎರಡೂ ಕೆನ್ನೆ ಉಬ್ಬಿಸಿ ಕೂತಿದ್ದ. ಸಾಕ್ಷಾತ್ ಮಂಗ.

ಆದರೆ ಏನು ಹೇಳಲಿ. ಇಪ್ಪತ್ತು ನಿಮಿಷ ಯಾರೂ ಬೈಯಲಿಲ್ಲ. ದೊಡ್ಡಬಸಪ್ಪನವರು ಹೇಳಿದ್ದನ್ನು ಪೂರ್ತಿ ಕೇಳಿ ರುದ್ರೇಶ, "ಅಂದ್ರ ನಿಮಗ ಬ್ಯಾರೆ ಆಟ ಆಡಾಕ ಬರಂಗಿಲ್ಲ, ಅದಕ್ಕ ಹಂಗ ಆಡ್ತೀರಿ. ಆಡ್ರಿ, ಏನ ತಪ್ಪು" ಅಂದುಬಿಟ್ಟ. ವರ್ಷದಿಂದ ನಾನು ಮೂರು ಸಾವಿರ ಪದ ಬರೆದು ಮಾಡಲಾಗದ್ದು ಎರಡು ಎಲೆ ಮಾಡಿದವು.

ಇದನ್ನು ಏಳನೇ ನಿಯಮ ಅಂತ ಸೇರಿಸಿದೆ. ಭಾಷೆ ತಿದ್ದಿ. ಕೊನೆಯಲ್ಲಿ "ತೀರ್ಪು ಅಡ್ಮಿನ್‌ರದು" ಅಂತ ಒಂದು ಸಾಲು ನನ್ನ ಕಡೆಯಿಂದ. ಅವರ ಹೆಸರು ಹಾಕಲಿಲ್ಲ. ಹಾಕಿದರೆ ತಲೆಗೇರುತ್ತದೆ.

ಸೆಪ್ಟೆಂಬರ್ 13, ಶನಿವಾರ. ಮಧ್ಯಾಹ್ನ

ನಾಳೆ ಜಿಲ್ಲಾ ಪಂದ್ಯಾವಳಿಯ ಫೈನಲ್. ಗೆದ್ದ ತಂಡ ಹುಬ್ಬಳ್ಳಿಗೆ ಹೋಗುತ್ತದೆ. ನಮ್ಮ ಸ್ಕ್ವಾಡಿನಲ್ಲಿ ನಾಲ್ವರು — ನಾನು ಕ್ಯಾಪ್ಟನ್, ಗಂಗಾವತಿಯ ಅಕ್ಬರ, ಕುಷ್ಟಗಿಯ ರುದ್ರೇಶ (ಬುದ್ಧಿ ಇಲ್ಲ, ಬೆರಳು ಚುರುಕು), ಕೊಪ್ಪಳದ ಭವಾನಿ. ಅವಳು ಎಂ.ಎಸ್ಸಿ. ಓದುತ್ತಾಳೆ, ದೂರದಿಂದ ಗುರಿ ಇಡುವುದರಲ್ಲಿ ಜಿಲ್ಲೆಯಲ್ಲೇ ಎತ್ತಿದ ಕೈ, ಬಾಯಿ ಮಾತ್ರ ಬಹಳ ಜೋರು.

ಅಕ್ಬರ ಸಿಕ್ಕಿದ್ದು ಲಾಕ್‌ಡೌನಿನಲ್ಲಿ, ಇದೇ ಆಟದಲ್ಲಿ. ಬೈಕಿನ ಸೀಟು ಹೊಲಿಯುವ ಅಂಗಡಿ ಅವನದು. ಎಸ್ಸೆಸ್ಸೆಲ್ಸಿ ಫೇಲು. ನನ್ನ ಅಪ್ಪನನ್ನು ಕೊಪ್ಪಳದ ಆಸ್ಪತ್ರೆಗೆ ಸೇರಿಸಿದಾಗ ಮೂರು ದಿನ ಅಂಗಡಿ ಮುಚ್ಚಿ ಬಂದು ಕೂತಿದ್ದ. ಇನ್ನೂರ ಹನ್ನೆರಡು ಜನರಲ್ಲಿ ನಾನು ಮನುಷ್ಯ ಅಂತ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಅವನೊಬ್ಬನನ್ನೇ.

ಅಭ್ಯಾಸ ಆಡುವಾಗ ಹೆಂಡತಿ ವಾಣಿಶ್ರೀ ಹೆಗಲ ಹಿಂದಿನಿಂದ ನೋಡಿ ಕೇಳಿದಳು: "ರೀ, ಅಕ್ಬರಣ್ಣ ಯಾಕ ನೆಲದಾಗ ತೆವಳಾಕತ್ತಾನ?"

ಗುಂಡು ಬಿದ್ದವನು ತಕ್ಷಣ ಸಾಯುವುದಿಲ್ಲ, ತೆವಳುತ್ತಾನೆ, ಜೊತೆಯವನು ಓಡಿಬಂದು ಪಕ್ಕದಲ್ಲಿ ಕೂತು ಎಬ್ಬಿಸಿದರೆ ಬದುಕುತ್ತಾನೆ, ತಡವಾದರೆ ಮುಗಿಯಿತು ಅಂತ ವಿವರಿಸಿದೆ.

"ಮತ್ತ ಕುಂತೀರಲ್ಲ, ಹೋಗ್ರಿ!" ಅಂದಳು. ಹೋದೆ. ಎಬ್ಬಿಸಿದೆ. ಗೋಡೆಯ ಮೇಲಿನ ಫಾರ್ಮಸಿ ಸರ್ಟಿಫಿಕೇಟು ಅವಳದು ಎಂಬ ಕಾರಣಕ್ಕೆ ಅಂಗಡಿಯಲ್ಲಿ ಎಲ್ಲದಕ್ಕೂ ಅವಳ ಅಭಿಪ್ರಾಯ ಇರುತ್ತದೆ.

ಸೆಪ್ಟೆಂಬರ್ 14, ರವಿವಾರ. ಸಂಜೆ 6.15

ಸೋತೆವು. ಎರಡನೇ ಸ್ಥಾನ. ಎರಡನೆಯವರಿಗೆ ಒಂದು ಪಿಡಿಎಫ್ ಸರ್ಟಿಫಿಕೇಟು.

ಕೊನೆಯ ಸುತ್ತು. ನಾವು ನಾಲ್ವರು, ಅವರು ಮೂವರು. ಗೆಲುವು ತಟ್ಟೆಯಲ್ಲಿತ್ತು. ಅಕ್ಬರ ಸೇತುವೆ ಹತ್ತಿದ. ಗುಂಡು ಬಿತ್ತು. ಹತ್ತಿರದಲ್ಲಿದ್ದವನು ನಾನು. ಅದೇ ಹೊತ್ತಿಗೆ ನೆಟ್ ಕೈಕೊಟ್ಟಿತು. ಹದಿನಾಲ್ಕು ಸೆಕೆಂಡು. ನನ್ನ ಗೊಂಬೆ ಗೋಡೆಗೆ ಮುಖ ಮಾಡಿ ನಿಂತೇ ಇತ್ತು. ಅಕ್ಬರ ಹೋದ. ಅವನ ಹಿಂದೆ ಎಲ್ಲರೂ. ನೆಟ್ ಹೋಗಿತ್ತು ಅಂತ ಅಕ್ಬರನಿಗೆ ಆಗಲೇ ಹೇಳಿದೆ.

ಯಲಬುರ್ಗಾದ ನೆಟ್‌ವರ್ಕಿಗೆ ಬೆಂಕಿ ಬೀಳಲಿ.

ಒಂದೇ ಸಮಾಧಾನ. ಗ್ರೂಪಿನಲ್ಲಿ ದೊಡ್ಡಬಸಪ್ಪನವರಿಗೆ ಕೊಟ್ಟ ಉತ್ತರಕ್ಕೆ ಮೂವತ್ತೊಂದು ಹೆಬ್ಬೆರಳು ಬಂದಿವೆ.

ಸೆಪ್ಟೆಂಬರ್ 15, ಸೋಮವಾರ

ಗ್ರೂಪು ಹೊತ್ತಿ ಉರಿಯುತ್ತಿದೆ. ಅಕ್ಬರ ಯಾಕೆ ಸೇತುವೆ ಹತ್ತಿದ? ಯಾರು ಹತ್ತು ಅಂದರು? ಕವರ್ ಯಾರು ಕೊಡಬೇಕಿತ್ತು? ಆಟವನ್ನು ಪೂರ್ತಿ ನೋಡಿದವರು ಏಳು ಜನ, ಅಭಿಪ್ರಾಯ ಇರುವವರು ಇನ್ನೂರು ಜನ.

ಒಬ್ಬ ಬರೆದ: "ಅವರನ್ನ ನಂಬಿದ್ದ ತಪ್ಪು ಬಿಡ್ರಿ." ಅವರು ಅಂದರೆ ಯಾರು ಅಂತ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅದಕ್ಕೂ ನಾಲ್ಕು ಹೆಬ್ಬೆರಳು. ಈ ಹುಳುಗಳ ಜೊತೆ ಒಂದೇ ಗ್ರೂಪಿನಲ್ಲಿರಬೇಕಲ್ಲ ಅಂತ ಹೇಸಿಗೆಯಾಯಿತು. ಅಳಿಸಿದೆ. "ಸದಸ್ಯರು ಶಿಸ್ತು ಕಾಪಾಡಬೇಕಾಗಿ ವಿನಂತಿ" ಅಂತ ಹಾಕಿದೆ.

ನನ್ನ ವಿನಂತಿಯನ್ನು ಅಕ್ಬರ ಓದಿದ್ದಾನೆ.

ಸೆಪ್ಟೆಂಬರ್ 17, ಬುಧವಾರ. ಸಂಜೆ 5

ಕಲ್ಯಾಣ ಕರ್ನಾಟಕ ಉತ್ಸವದ ರಜೆ. ಮಧ್ಯಾಹ್ನ ಮೂರಕ್ಕೆ ಎಲೆ-ನ್ಯಾಯ ಇಟ್ಟೆವು. ಅರವತ್ತಮೂರು ಜನ ವಿಡಿಯೋ ಕಾಲ್‌ಗೆ ಬಂದರು. ಇಷ್ಟು ಜನ ಬೆಳಿಗ್ಗೆ ಧ್ವಜಕ್ಕೆ ಹೋಗಿದ್ದರೆ ಊರು ಉದ್ಧಾರವಾಗುತ್ತಿತ್ತು.

ಶುರುವಿನಲ್ಲೇ ದೊಡ್ಡಬಸಪ್ಪನವರ ತಕರಾರು. "ಗುರುಬಸವ ಅವರ, ನೀವೂ ತಂಡದಾಗ ಇದ್ದವರ. ಅಕ್ಬರ ಮಾತಾಡೂ ಮುಂದ ನಿಮ್ಮ ಬಾಯಾಗೂ ಎಲಿ ಇರಬೇಕ್ರಿ." ಎಲ್ಲರೂ ಹೌದು ಹೌದು. ಸರಿ, ಹಾಕಿಕೊಂಡೆ. ಸುಣ್ಣ ಜಾಸ್ತಿಯಾಗಿ ನಾಲಿಗೆ ಚುರುಗುಟ್ಟಿತು.

ಅಕ್ಬರ ಅಂಗಡಿಯಲ್ಲೇ ಕೂತಿದ್ದ. ಹಿಂದೆ ರೆಕ್ಸಿನ್ ಸುರುಳಿಗಳು. ನೇರವಾಗಿ ಕ್ಯಾಮೆರಾ ನೋಡಿದ.

"ಸೇತುವಿ ಹತ್ತಿದಾವ ನಾ. ಯಾರೂ ಹತ್ತು ಅಂದಿದ್ದಿಲ್ಲ."

ಭವಾನಿ ಬಿಡಲಿಲ್ಲ. "ಅದು ಖರೆ ಅಣ್ಣಾ. ಆದ್ರ ಬಿದ್ದ ಮ್ಯಾಲೆ ಎಬ್ಬಿಸಬಹುದಿತ್ತಲ್ಲ? ಗುರಣ್ಣ ಹತ್ತು ಹೆಜ್ಜಿ ದೂರದಾಗ ಇದ್ರು. ಸುಮ್ನ ನಿಂತಿದ್ರು."

ಅಕ್ಬರ ನನ್ನನ್ನೇ ನೋಡುತ್ತಿದ್ದ ಅನಿಸಿತು. ವಿಡಿಯೋ ಕಾಲ್‌ನಲ್ಲಿ ಯಾರು ಯಾರನ್ನು ನೋಡುತ್ತಾರೆ ಅಂತ ಹೇಳಲಾಗುವುದಿಲ್ಲ.

"ಅವನ ನೆಟ್ ಹೋಗಿತ್ತು" ಅಂದ. "ನಂದ ತಪ್ಪು. ಮುಗೀತಲ್ರಿ?"

ನನ್ನ ಬಾಯಲ್ಲಿ ಎಲೆ ಇತ್ತು.

ಎದ್ದು ಹೋಗಿ ಉಗುಳಿ ಬಂದು ತೀರ್ಪು ಕೊಟ್ಟೆ. ಅಕ್ಬರ ಮೂರು ತಿಂಗಳು ಸ್ಕ್ವಾಡಿನಿಂದ ಹೊರಗೆ. ತಪ್ಪು ಒಪ್ಪಿಕೊಂಡ ಅವರ ದೊಡ್ಡತನವನ್ನು ಗ್ರೂಪು ಗೌರವಿಸುತ್ತದೆ, ಇತ್ಯಾದಿ. ಯಾರ ಮನಸ್ಸೂ ನೋಯದ ಹಾಗೆ ಹೇಳಿದೆ. ಭಾಷೆ ಚೆನ್ನಾಗಿತ್ತು.

ಸೆಪ್ಟೆಂಬರ್ 18

ಅಕ್ಬರ ಗ್ರೂಪು ಬಿಟ್ಟಿದ್ದಾನೆ. ಬೆಳಿಗ್ಗೆ 7.50ಕ್ಕೆ. ಬೀಳ್ಕೊಡುಗೆ ಮಾತಿಲ್ಲ.

ಫೋನು ಮಾಡಬೇಕು.

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ 3

ಹಬ್ಬ ಮುಗಿಯಿತು. ಇಷ್ಟು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಅಂತಲ್ಲ.

ಬನ್ನಿ ಕೊಡಲು ಅಕ್ಬರ ಬರಲಿಲ್ಲ. ಪ್ರತಿವರ್ಷ ಬರುತ್ತಿದ್ದ, ವಾಣಿಶ್ರೀಯ ಕೈಯ ಕಡಬು ತಿನ್ನುವ ನೆವ. ಇವತ್ತು ಅವಳು ಸ್ಟಾಕು ಜೋಡಿಸುತ್ತ ಕೇಳಿದಳು.

"ಅಕ್ಬರಣ್ಣ ಯಾಕ ಬರಲಿಲ್ರಿ?"

"ಸಿಟ್ಟು ಬಂದಿರಬೇಕು. ಸ್ಕ್ವಾಡಿನಿಂದ ತೆಗೆದೆವಲ್ಲ."

"ಯಾಕ ತಗದ್ರಿ?"

ಹೇಳಿದೆ. ಸೇತುವೆ, ಗುಂಡು, ನೆಟ್ಟು, ಹದಿನಾಲ್ಕು ಸೆಕೆಂಡು. ಅವಳು ಕೆಮ್ಮಿನ ಔಷಧದ ಪೆಟ್ಟಿಗೆ ಕೆಳಗಿಟ್ಟಳು.

"ಅವತ್ತ ನಾ ಇಲ್ಲೇ ಇದ್ದೆನಲ್ರಿ. ನೀವು ಮೊಬೈಲ್ ಟೇಬಲ್ ಮ್ಯಾಲಿಟ್ಟು ಬಿಲ್ಲಿಂಗ್ ಕಂಪ್ಯೂಟರಿನ್ಯಾಗ ಟಪಟಪ ಹೊಡ್ಯಾಕತ್ತಿದ್ರಿ. ಅಕ್ಬರಣ್ಣ ಫೋನಿನ್ಯಾಗ ಗುರು, ಗುರು ಅಂತ ಒದರಾಕತ್ತಿದ್ದ. ನೆಟ್ ಇದ್ದಿದ್ದಿಲ್ಲ ಅಂದ್ರ ಗ್ರೂಪಿನ್ಯಾಗ ಅಷ್ಟುದ್ದ ಹೆಂಗ ಬರದ್ರಿ?"

ಗಿರಾಕಿ ಬಂದ, ದೇವರ ಹಾಗೆ. ಬಿಳಿ ಗುಳಿಗೆ ಕೇಳಿದ. ಯಾವುದೆಂದು ಕೇಳದೆ ಒಳಗೆ ಹೋದೆ. ಅವಳೇ ವಿಚಾರಿಸಿ ಕೊಟ್ಟಳು.

ಅದೇ ದಿನ, 4.30

ಹುಡುಕಿ ನೋಡಿದೆ. ಗ್ರೂಪಿನಲ್ಲಿ ಇದೆ. ಸೆಪ್ಟೆಂಬರ್ 14, ಸಂಜೆ 5.12. ಫೈನಲ್ಲಿನ ಕೊನೆಯ ಸುತ್ತಿನ ಹೊತ್ತು. ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದೇ ಇಟ್ಟಿದ್ದೆ. ದೊಡ್ಡಬಸಪ್ಪನವರು ಏನೋ ಒಂದು ಹಾಕಿದ್ದರು, ನೋಡಿ ಮೈ ಉರಿಯಿತು, ತಡೆಯಲಿಲ್ಲ. ನನ್ನ ಉತ್ತರ ಹೀಗಿದೆ:

"ಭಿನ್ನಾಭಿಪ್ರಾಯವನ್ನು ಗೌರವಿಸುವುದು ಹೇಗೆಂದು ಮೊದಲು ಕಲಿಯಿರಿ. ಎದುರಿನವರ ಮಾತಿಗೆ ಕಿವಿಗೊಡುವುದೇ ಸಂಸ್ಕಾರ."

ಅಕ್ಬರ ಒದರುತ್ತಿದ್ದ. ಕೇಳಿಸುತ್ತಿತ್ತು. ಒಂದು ನಿಮಿಷ, ಈ ವಾಕ್ಯ ಮುಗಿಸಿಬಿಡುತ್ತೇನೆ, ಅಂದುಕೊಂಡೆ.

ಈ ಡೈರಿಗೂ ನೆಟ್ಟು ಅಂತಲೇ ಬರೆದಿದ್ದೇನೆ. ಓದುವವರು ಯಾರೂ ಇಲ್ಲದ ಕಡೆಯೂ ಸುಳ್ಳು. ನನ್ನಷ್ಟು ಕೀಳು ಆ ಗ್ರೂಪಿನಲ್ಲಿ ಇನ್ನೊಬ್ಬನಿಲ್ಲ.

ಅಕ್ಟೋಬರ್ 12, ರವಿವಾರ. ಕೊಪ್ಪಳ ಬಸ್ ಸ್ಟ್ಯಾಂಡ್, ವಾಪಸ್ಸಾಗುತ್ತ

ಗಂಗಾವತಿಗೆ ಹೋಗಿ ಬಂದೆ. ಫೋನಿನಲ್ಲಿ ಹೇಳುವ ಧೈರ್ಯವಿರಲಿಲ್ಲ. ಫೋನಿನಲ್ಲಿ ಹೇಳಿದರೆ ನಾನು ಚೆನ್ನಾಗಿ ಮಾತಾಡಿಬಿಡುತ್ತೇನೆ.

ಅಕ್ಬರ ಹೊಲಿಗೆ ಮಷೀನಿನ ಮೇಲೆ. ಪಕ್ಕದ ಸ್ಟೂಲಿನಲ್ಲಿ ಒಬ್ಬ, ನವಲಿಯ ಮುನವ್ವರ. ಭತ್ತ ಕೊಯ್ಯುವ ಮಷೀನಿನ ಡ್ರೈವರು, ಕೊಯ್ಲು ಶುರುವಾಗುವ ತನಕ ಖಾಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಆಟ ಆಡುತ್ತ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಐದು ನಿಮಿಷ ನೋಡಿದೆ. ಗುರಿ ಇಡಲು ಬರುವುದಿಲ್ಲ, ಗೋಡೆಗೇ ಗುಂಡು ಹೊಡೆಯುತ್ತಾನೆ.

"ಬಾ, ಕುಂದ್ರು" ಅಂದ ಅಕ್ಬರ. ಮಷೀನು ನಿಲ್ಲಿಸಲಿಲ್ಲ.

ಹೇಳಿದೆ. ನೆಟ್ಟು ಹೋಗಿರಲಿಲ್ಲ ಅಂತ.

"ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದನ. ನಾ ಬಿದ್ದಿದ್ದೆ. ಒದರಾಕತ್ತಿದ್ದೆ. ಅಷ್ಟರಾಗ ಸ್ಕ್ರೀನಿನ ಮ್ಯಾಲೆ ನಿನ್ನ ಮೆಸೇಜ್ ಇಳೀತು. ಭಿನ್ನಾಭಿಪ್ರಾಯ ಅಂತ ಶುರು ಇತ್ತು ನೋಡು. ಪೂರಾ ಓದಾಕ ಆಗಲಿಲ್ಲ, ಸತ್ತೆ."

ಅವನು ನಗಲಿಲ್ಲ. ನಾನೂ.

"ಮತ್ತ ಕಾಲ್‌ನ್ಯಾಗ ಯಾಕ ಹೇಳಲಿಲ್ಲ? ನನ್ನ ನೆಟ್ ಹೋಗಿತ್ತು ಅಂತ ನೀನ ಯಾಕ ಅಂದಿ?"

"ನಿನ್ನ ಬಾಯಾಗ ಎಲಿ ಇತ್ತು. ಉಗುಳಿ ಬಂದು ನೀನ ಹೇಳ್ತಿ ಅಂತ ಮಾಡಿದ್ದೆ." ದಾರ ಕಡಿದ. "ಆಮ್ಯಾಲೆ ಆ 'ಅವರನ್ನ' ಅಂದಾವಂದು. ಅಳಿಸಿದಿ. ಛಲೋ ಆತು. ಅದರ ಕೆಳಗ ಏನ ಬರದಿ? ಶಿಸ್ತು. ಲೇ ಗುರು, ಒಂದ ಸಾಲು ಬರೀಬೇಕಿತ್ತು, ಅಕ್ಬರ ನನ್ನ ದೋಸ್ತ ಅದಾನ ಅಂತ. ಭಿನ್ನಾಭಿಪ್ರಾಯಕ್ಕ ಹತ್ತು ಸಾಲು ಬರೀತಿ."

ವಾಪಸ್ ಬಾ ಅಂದೆ. ತೀರ್ಪು ಹಿಂತೆಗೆದುಕೊಳ್ಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಅಂದೆ.

"ಹೇಳು. ಅದು ನಿನ್ನ ಕೆಲಸ. ನಾ ಬರಂಗಿಲ್ಲಪ. ನಿನಗ ಎಲ್ಲಾರೂ ದಡ್ಡರ. ನಾ ಒಬ್ಬಾವ ಆ ಲೆಕ್ಕದ ಹೊರಗದೀನಿ ಅಂತ ಐದು ವರ್ಷ ತಿಳಕೊಂಡಿದ್ದೆ. ಈಗ ಇವನ ಜೋಡಿ ಆಡ್ತೀನಿ. ದಿನಾ ಸೋಲ್ತೀವಿ. ಆರಾಮ ಐತಿ. ಚಾ ಕುಡದ ಹೋಗು."

ಮುನವ್ವರ ಒಂದು ಕಿವಿಯ ಇಯರ್‌ಫೋನ್ ತೆಗೆದು ನನಗೆ ಸಲಾಂ ಮಾಡಿದ. "ನೀವು ಗುರಣ್ಣ ಅಲ್ರಿ? ಅಕ್ಬರಣ್ಣ ನಿಮ್ಮ ಸುದ್ದಿ ಭಾಳ ಹೇಳ್ತಾನ್ರಿ. ನಿಮ್ಮಂಗ ಪ್ಲಾನ್ ಮಾಡಾವರು ಇಲ್ಲಂತ."

ಚಹಾ ಕುಡಿದೆ. ಬಸ್ಸು ಬಂತು.

ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 11

ಮೊದಲ ಕರಡು: "ಅಂದು ನೆಟ್‌ವರ್ಕ್ ಸಮಸ್ಯೆಯ ಜೊತೆಗೆ ನನ್ನಿಂದಲೂ ಅಚಾತುರ್ಯ ನಡೆದಿದ್ದು..." ಹರಿದೆ.

ಎರಡನೆಯದು: "ಈ ಮಾತನ್ನು ಅರ್ಥಮಾಡಿಕೊಳ್ಳುವ ಪ್ರಬುದ್ಧತೆ ಎಲ್ಲರಲ್ಲೂ ಇಲ್ಲದಿದ್ದರೂ..." ವಾಣಿಶ್ರೀ ಓದಿದಳು. "ಇದು ತಪ್ಪು ಒಪ್ಪಿಕೊಳ್ಳೂದಲ್ರಿ. ವಕೀಲರ ನೋಟೀಸ್ ಬಂದಂಗ ಐತಿ."

ಮೂರನೆಯದರಲ್ಲಿ 'ಆದರೆ' ನಾಲ್ಕು ಸಲ ಬಂದಿತ್ತು. ಒಂದೊಂದಾಗಿ ಕಿತ್ತೆ. ಕಿತ್ತ ಮೇಲೆ ಉಳಿದಿದ್ದು ಇಷ್ಟೇ:

"ಅಕ್ಬರ ಬಿದ್ದಾಗ ನನ್ನ ನೆಟ್ ಹೋಗಿರಲಿಲ್ಲ. ನಾನು ಇಲ್ಲಿ ಮೆಸೇಜ್ ಬರೆಯುತ್ತಿದ್ದೆ. ಅವನು ಕೂಗಿದ್ದು ಕೇಳಿಸಿತ್ತು. ಫೈನಲ್ ಸೋತಿದ್ದು ನನ್ನಿಂದ. ಸುಳ್ಳು ಹೇಳಿ ತೀರ್ಪು ಕೊಟ್ಟವನೂ ನಾನು. ಅಕ್ಬರ ನನ್ನ ದೋಸ್ತ."

ಕಳಿಸಿದೆ. ಅಡ್ಮಿನ್ ಸ್ಥಾನ ಭವಾನಿಗೆ ಕೊಟ್ಟೆ. ಅವಳ ಬಾಯಿ ಜೋರು ನಿಜ, ಕೇಳಬೇಕಾದ್ದನ್ನು ಕೇಳಿದವಳು ಅವಳೊಬ್ಬಳೇ.

ಮಧ್ಯಾಹ್ನ 2

ಬೈಗುಳ ಬರುತ್ತವೆ ಅಂತ ಉತ್ತರ ಸಿದ್ಧಪಡಿಸಿ ಕೂತಿದ್ದೆ. ಹತ್ತು ಹನ್ನೆರಡು ಇದ್ದವು ತಲೆಯಲ್ಲಿ, ಒಂದಕ್ಕಿಂತ ಒಂದು ಮೊನಚು. ಒಬ್ಬ ಮಾತ್ರ ಬೈದ, ಮರ್ಯಾದೆ ಬಿಟ್ಟು, ಅಪ್ಪ ಅವ್ವ ಎಲ್ಲ ಸೇರಿಸಿ. ಭವಾನಿ ಅಳಿಸಲಿಲ್ಲ. ಉತ್ತರ ಕೊಡಬೇಕು ಅಂತ ಬೆರಳು ತುರಿಸಿತು.

ರುದ್ರೇಶ: "ಮೊದ್ಲ ಹೇಳಿದ್ರ ನಾವೂ ಅಕ್ಬರಣ್ಣಗ ಅಷ್ಟು ಅಂತಿದ್ದಿಲ್ರಿ."

ದೊಡ್ಡಬಸಪ್ಪನವರು ವಾಯ್ಸ್ ಮೆಸೇಜು ಕಳಿಸಿದ್ದಾರೆ. ಎರಡು ನಿಮಿಷದ್ದು. ಎಂದಿನ ಹಾಗೆ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿದೆ. ನಡುವೆ ಅವರ ಎಮ್ಮೆ ಕೂಗುತ್ತದೆ. ಕೊನೆಗೆ ಹೇಳುತ್ತಾರೆ: "ಹೇಳಿದಿರಿ, ಛಲೋ ಆತು. ತಡಾ ಮಾಡಿದಿರಿ, ಅದಕ್ಕ ನಾವೇನ ಮಾಡಾಕ ಬರಂಗಿಲ್ರಿ."

ಅಕ್ಟೋಬರ್ 19, ರವಿವಾರ. ಸಂಜೆ 5.40

ಮುನವ್ವರ ತಮ್ಮಿಬ್ಬರ ಆಟವನ್ನು ತನ್ನ ಚಾನೆಲಿನಲ್ಲಿ ಲೈವ್ ಹಾಕುತ್ತಾನೆ. ನೋಡುವವರು ಒಂಬತ್ತು ಜನ. ಒಂಬತ್ತನೆಯವನು ನಾನು, ಬೇರೆ ಹೆಸರಿನಲ್ಲಿ.

ಹರಕು ಆಟ. ಯೋಜನೆ ಇಲ್ಲ, ತಲೆಬುಡ ಇಲ್ಲ. ಇಪ್ಪತ್ತು ನಿಮಿಷ ಹಲ್ಲು ಕಚ್ಚಿ ನೋಡಿದೆ. ಆಮೇಲೆ ಬಯಲಿನಲ್ಲಿ ಅಕ್ಬರ ಬಿದ್ದ. ತೆವಳತೊಡಗಿದ. ಮೂರು ಕಡೆಯಿಂದ ಗುಂಡು. ಬುದ್ಧಿ ಇರುವವನು ಯಾರೂ ಅಲ್ಲಿಗೆ ಹೋಗುವುದಿಲ್ಲ. ಮುನವ್ವರ ಓಡಿದ. ಹೊಗೆ ಬಾಂಬು ಹಾಕಲಿಲ್ಲ, ಮರೆ ಹುಡುಕಲಿಲ್ಲ. "ಬಂದೆ ಅಣ್ಣಾ, ಬಂದೆ, ಬಂದೆ" ಅಂತ ಕೂಗುತ್ತಲೇ ಓಡಿ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಸತ್ತರು. ಹದಿನೇಳನೇ ಸ್ಥಾನ.

ಅಕ್ಬರ ನಕ್ಕ. ಹೊಟ್ಟೆ ಹಿಡಿದುಕೊಂಡು ನಗುವ ನಗು. ನನ್ನ ಜೊತೆ ಆಡುವಾಗ ಅವನು ಹಾಗೆ ನಕ್ಕಿದ್ದನ್ನು ಒಂದು ದಿನವೂ ಕೇಳಿಲ್ಲ.

ಕಾಮೆಂಟಿಗೆ ಕೈಹಾಕಿದೆ. "ಹೊಗೆ ಹಾಕದೆ ಓಡುವುದು ಮೂರ್ಖ" — ಅಷ್ಟಕ್ಕೆ ನಿಲ್ಲಿಸಿ ಅಳಿಸಿದೆ. "ಚೆನ್ನಾಗಿ ಆಡಿದಿರಿ" ಅಂತ ಬರೆದೆ. ಸುಳ್ಳು. ಅದನ್ನೂ ಅಳಿಸಿದೆ.

ಅಕ್ಬರ ಬಿದ್ದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ, ಅಂಗಡಿಯಲ್ಲಿ, ಗಿರಾಕಿಗಳ ಮುಂದೆ. ಬರೆಯುವುದಾದರೆ ಇದೊಂದನ್ನೇ ಬರೆಯಬೇಕು. ನನ್ನದೇ ಹೆಸರಿನಲ್ಲಿ. ಹೇಗೆ ಶುರು — ಗಿರಾಕಿ ಕರೆಯುತ್ತಿದ್ದಾನೆ, ವಾಕ್ಯ ಅರ್ಧಕ್ಕೇ ಇರಲಿ.